ಬ್ರೇಕ್ ಮೇಷ್ಟ್ರು ಮನೆಮಂದಿಗೆಲ್ಲ ಬೈಕು ಆರಿಸಿದ್ದು

ಊರಿನಲ್ಲಿ ಕಾರು ಓಡಿಸುವ ಅರ್ಧಕ್ಕರ್ಧ ಜನ ಬ್ರೇಕ್ ಮೇಷ್ಟ್ರ ಕೈಯಲ್ಲಿ ಬೈಸಿಕೊಂಡವರು. ಉಳಿದ ಅರ್ಧ ಜನ ಬೈಸಿಕೊಳ್ಳಲಾರದೆ ಅರ್ಧಕ್ಕೇ ಬಿಟ್ಟು ಬಸ್ಸು ಹತ್ತಿದವರು. ಮೇಷ್ಟ್ರದು ಡ್ರೈವಿಂಗ್ ಶಾಲೆ. ಶಾಲೆಯೆಂದರೆ ಒಂದು ಕೋಣೆ, ಗೋಡೆಯ ಮೇಲೆ ರಸ್ತೆ ಚಿಹ್ನೆಗಳ ಒಂದು ಪಟ, ಬಾಗಿಲ ಮುಂದೆ ಒಂದು ಬಿಳಿ ಕಾರು. ಆ ಕಾರಿನಲ್ಲಿ ಕಲಿಯುವವರ ಕಾಲ ಬಳಿ ಇರುವಂತೆಯೇ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕ್ ಪೆಡಲ್ ಇತ್ತು. ಮೇಷ್ಟ್ರ ಹೆಸರು, ಹೊಟ್ಟೆಪಾಡು, ಗತ್ತು ಮೂರೂ ಆ ಪೆಡಲ್ಲಿನ ಮೇಲೆ ನಿಂತಿದ್ದವು.

ಅವರ ಪಾಠದ ವರಸೆಯೇ ಬೇರೆ. ಕಲಿಯುವವನು ಕಸದ ತೊಟ್ಟಿಯ ಕಡೆಗೋ ಹಾಲಿನ ವ್ಯಾನಿನ ಕಡೆಗೋ ನೇರವಾಗಿ ಹೊರಟಿದ್ದಾನೆಂದು ಅವರಿಗೆ ಮೊದಲೇ ತಿಳಿಯುತ್ತಿತ್ತು. ತಿಳಿದರೂ ಸುಮ್ಮನಿರುತ್ತಿದ್ದರು. ಅವನ ಗಂಟಲು ಒಣಗಿ, ಕಣ್ಣು ಅಗಲವಾಗಿ, ಇನ್ನೇನು ಮುಗಿಯಿತು ಎನ್ನುವಾಗ ತಮ್ಮ ಕಾಲ ಕೆಳಗಿನ ಬ್ರೇಕನ್ನು ಹಗುರವಾಗಿ ಒತ್ತುತ್ತಿದ್ದರು. ಆಮೇಲೆ ಜೇಬಿನಿಂದ ಪೆಪ್ಪರ್‌ಮಿಂಟು ತೆಗೆದು, ಕಾಗದ ಬಿಚ್ಚಿ, ಬಾಯಿಗೆ ಹಾಕಿಕೊಂಡು ಹೇಳುತ್ತಿದ್ದರು:

"ಈಗ ನೀವು ಸತ್ತಿರಿ. ಜತೆಗೆ ನಾನೂ ಸತ್ತೆ. ನನಗೆ ಹೆಂಡ್ತಿ ಮಕ್ಕಳಿದ್ದಾರೆ ಸ್ವಾಮಿ. ಮುಂದಿನ ಸಲ ಸಾಯೋದಾದ್ರೆ ಒಬ್ಬರೇ ಸಾಯಿರಿ."

ಒಬ್ಬ ಬ್ಯಾಂಕ್ ಮ್ಯಾನೇಜರು ಈ ಕಾರಿನಲ್ಲಿ ಅತ್ತಿದ್ದ. ಒಬ್ಬಳು ಲೇಡಿ ಡಾಕ್ಟರು ನಡುರಸ್ತೆಯಲ್ಲಿ ಇಳಿದು ಮನೆಗೆ ನಡೆದುಹೋಗಿದ್ದಳು. ಈ ಎರಡು ಕಥೆಗಳನ್ನು ಮೇಷ್ಟ್ರು ಹೊಸದಾಗಿ ಸೇರಿದವರಿಗೆಲ್ಲ ಹೇಳುತ್ತಿದ್ದರು. ಶುಲ್ಕ ಕಟ್ಟಿಸಿಕೊಂಡ ನಂತರ.

ಇಂಥ ಮೇಷ್ಟ್ರಿಗೆ ಎರಡು ಚಕ್ರದ ಗಾಡಿ ಬರುತ್ತಿರಲಿಲ್ಲ. ಸೈಕಲ್ ಕೂಡ. ಚಿಕ್ಕವರಿದ್ದಾಗ ಬೀದಿಯ ಮಕ್ಕಳೆಲ್ಲ ಒಂದೇ ಬಾಡಿಗೆ ಸೈಕಲಿನಲ್ಲಿ ಸರದಿಯ ಮೇಲೆ ಕಲಿತರು. ಇವರ ಸರದಿ ಬಂದಾಗಲೆಲ್ಲ ಭೂಮಿ ಇವರನ್ನು ಹೆಸರು ಹಿಡಿದು ಕರೆಯುತ್ತಿತ್ತು. ಹಿಂದಿನಿಂದ ಹಿಡಿದವರು ಕೈ ಬಿಟ್ಟರೆ ಸಾಕು, ಯಾವ ಕಡೆ ಬೀಳಬೇಕೆಂದು ಕೂಡ ಯೋಚಿಸದೆ ಬಿದ್ದುಬಿಡುತ್ತಿದ್ದರು. ಲಾರಿ ಓಡಿಸುತ್ತಿದ್ದ ಅಪ್ಪ ಕೊನೆಗೆ ಬೇಸತ್ತು, "ನಿನಗೆ ಚಕ್ರ ಜಾಸ್ತಿ ಇದ್ರೇನೇ ಸರಿ" ಎಂದು ಲಾರಿಯೊಳಗೆ ಕೂರಿಸಿಕೊಂಡರು. ಅಲ್ಲಿಂದ ಮುಂದೆ ಮೇಷ್ಟ್ರು ಹಿಂದಿರುಗಿ ನೋಡಲಿಲ್ಲ. ಸ್ಕೂಟರ್ ಕಲಿಸಿ ಎಂದು ಬಂದವರಿಗೆ, "ಅದು ವಾಹನ ಅಲ್ಲ, ಬರೀ ಹಟ. ನಾನು ಕಲಿಸೋದು ವಾಹನ" ಎಂದು ಹೇಳಿ ಕಳಿಸುತ್ತಿದ್ದರು. ತರಕಾರಿ ತರುವುದಕ್ಕೂ ಕಲಿಕೆಯ ಬೋರ್ಡು ಹೊತ್ತ ಬಿಳಿ ಕಾರಿನಲ್ಲೇ ಹೋಗುತ್ತಿದ್ದರು.

ಈ ವಿಷಯ ಯಾರಿಗೂ ಗೊತ್ತಿಲ್ಲವೆಂದು ಅವರು ನಂಬಿದ್ದರು. ಗೊತ್ತಾಗುವ ಸಂದರ್ಭವೂ ಬರಲಿಲ್ಲ. ಅವರ ಅದೃಷ್ಟಕ್ಕೆ ಕಟ್ಟಿಕೊಂಡ ಹೆಂಡತಿ ಪುಕ್ಕಲಿಯಾಗಿ ಸಿಕ್ಕಿದ್ದಳು. ಹಲ್ಲಿನ ಆಸ್ಪತ್ರೆಯೊಂದರ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದ ಆಕೆ, ನಿಮ್ಮನೆಯಲ್ಲೇಕೆ ಒಂದು ಸ್ಕೂಟರಿಲ್ಲ ಎಂದು ಯಾರಾದರೂ ಕೇಳಿದರೆ, "ಎರಡು ಚಕ್ರ ಕಂಡ್ರೆ ನನಗೆ ಜೀವ ಹೋಗುತ್ತೆ, ಇವರು ಪಾಪ ನನಗೋಸ್ಕರ ಸುಮ್ಮನಿದ್ದಾರೆ" ಎನ್ನುತ್ತಿದ್ದಳು. ಮೇಷ್ಟ್ರು ಪಕ್ಕದಲ್ಲಿ ನಿಂತು ನಿಟ್ಟುಸಿರು ಬಿಡುತ್ತಿದ್ದರು. ಬಿಟ್ಟು ಸುಮ್ಮನಾಗುತ್ತಿರಲಿಲ್ಲ. "ಇವಳು ಚಲಿಸುವ ಕುರ್ಚಿ ಕಂಡ್ರೂ ಬೆಲ್ಟ್ ಹುಡುಕ್ತಾಳೆ" ಎಂದು ನಾಲ್ಕು ಜನರ ನಡುವೆ ಹೇಳಿ ಮೊದಲು ತಾವೇ ನಗುತ್ತಿದ್ದರು. ಆಕೆಯೂ ನಗುತ್ತಿದ್ದಳು.

ಹೀಗಿರುವಾಗ ಮಗಳ ಮದುವೆ ನಿಶ್ಚಯವಾಯಿತು. ಹುಡುಗನ ಮನೆಯವರು ಕಲ್ಲಿಗೆ ಪಾಲಿಶ್ ಹಾಕುವ ಕಾರ್ಖಾನೆ ಇಟ್ಟಿದ್ದವರು. ವಾರವಿಡೀ ಕಲ್ಲಿನ ಧೂಳು ಸಾಲದೆಂದು ಭಾನುವಾರ ಮಣ್ಣಿನ ಧೂಳು ಕುಡಿಯಲು ಹೋಗುತ್ತಿದ್ದರು. ಇಟ್ಟಿಗೆಗೆಂದು ಮಣ್ಣು ತೆಗೆದು ಬಿಟ್ಟಿದ್ದ ದೊಡ್ಡ ಹಳ್ಳವೊಂದರಲ್ಲಿ ಗಂಡ, ಹೆಂಡತಿ, ಮಗ ಎಲ್ಲರೂ ಡರ್ಟ್ ಬೈಕ್ ಓಡಿಸುತ್ತಿದ್ದರು: ದೀಪವಿಲ್ಲದ, ಕನ್ನಡಿಯಿಲ್ಲದ, ಗುಬಟು ಗುಬಟಾದ ಟಯರಿನ, ದಿಬ್ಬ ಹತ್ತಿ ಹಾರಲೆಂದೇ ಮಾಡಿದ ಎತ್ತರದ ಬೈಕು.

ಮಾತುಕತೆಗೆ ಬಂದ ದಿನ ಬೀಗರು ಸೋಫಾದ ಮುಕ್ಕಾಲು ಭಾಗ ತುಂಬಿ ಕೂತು ಹೇಳಿದರು: "ನಮ್ಮನೇಲಿ ಬೈಕ್ ಓಡಿಸದೋರು ಅಂದ್ರೆ ನಾಯಿ ಒಂದೇ. ನೀವೂ ಬನ್ನಿ ಬೀಗರೇ, ಮನೆಮಂದಿಯೆಲ್ಲ. ಎಲ್ಲರಿಗೂ ಒಂದೊಂದು ಗಾಡಿ ತಗೊಳ್ಳಿ. ಹೊಸಬರು ಓಡಿಸೋಂಥದ್ದು ಸಿಗುತ್ತೆ."

"ನಮ್ಮ ಅಳಿಯಂದ್ರು ಎರಡು ಚಕ್ರಕ್ಕೆ ಕೂರಲ್ಲ" ಎಂದರು ಮೂಲೆಯಲ್ಲಿದ್ದ ಮೇಷ್ಟ್ರ ಅತ್ತೆ. ಮಗಳ ಮನೆಗೆ ನಾಲ್ಕು ದಿನಕ್ಕೆಂದು ಬಂದು, ಆ ನಾಲ್ಕು ದಿನ ಇನ್ನೂ ಮುಗಿದಿಲ್ಲವೆಂದು ಉಳಿದುಕೊಂಡಿದ್ದ ಹೆಂಗಸು. "ಅವರ ಘನತೆ ಹೊರೋಕೆ ಕಮ್ಮಿ ಅಂದ್ರೆ ನಾಲ್ಕು ಬೇಕು."

ಬೀಗರು ನಕ್ಕರು. ಬೀಗಿತ್ತಿಯೂ ನಕ್ಕರು. ಮಗಳ ಕೆನ್ನೆ ಕೆಂಪಾಯಿತು. ಮೇಷ್ಟ್ರು ಕಾಲ ಮೇಲೆ ಕಾಲು ಹಾಕಿದರು.

"ಕೂರಲ್ಲ ಅಂತಲ್ಲ ಅತ್ತೆ, ಕೂರೋಕೆ ಬಿಡುವಿಲ್ಲ. ಬೀಗರೇ, ಮನೆಗೆಲ್ಲ ನಾನೇ ಖುದ್ದಾಗಿ ಆರಿಸಿ ತರ್ತೀನಿ. ಯಾರಿಗೆ ಯಾವ ಗಾಡಿ ಅಂತ ಮುಖ ನೋಡಿ ಹೇಳ್ತೀನಿ. ಈ ಊರನ್ನೇ ರಸ್ತೆಗೆ ಇಳಿಸಿದ ಕಾಲು ಇದು."

ಆಡಿದ ಮಾತು ಕಿವಿಗೆ ವಾಪಸು ಬರುವಷ್ಟರಲ್ಲಿ ಬೀಗರು ಎದ್ದು ಕೈ ಕುಲುಕಿ ಆಗಿತ್ತು. ಅಲ್ಲಿಂದ ಮೇಷ್ಟ್ರಿಗೆ ಇದ್ದ ಚಿಂತೆ ಒಂದೇ. ಬೀಗರ ಕಣ್ಣೆದುರು ತಾವು ಬೈಕಿನ ಮೇಲೆ ಕೂರುವ ಪ್ರಸಂಗ ಬರಕೂಡದು. ತಪ್ಪಿಸಿಕೊಂಡರೆಂದು ಯಾರಿಗೂ ಅನ್ನಿಸಲೂ ಕೂಡದು.

ಬೈಕಿನ ಅಂಗಡಿ ಟಯರು ರಿಪೇರಿಯವರ ಹಿಂದಿನ ಶೆಡ್ಡಿನಲ್ಲಿತ್ತು. ಅಂಗಡಿಯವನನ್ನು ಎಲ್ಲರೂ ತುಕ್ಕು ಎಂದೇ ಕರೆಯುತ್ತಿದ್ದರು. ಹಳೆಯ ಬೈಕು ಕೊಂಡು, ಬಣ್ಣ ಬಳಿದು, ಹೊಸದರ ಪಕ್ಕದಲ್ಲೇ ನಿಲ್ಲಿಸಿ ಮಾರುತ್ತಿದ್ದ. ಬಂದವರ ಮುಖ ನೋಡುವ ಅಭ್ಯಾಸ ಅವನಿಗಿರಲಿಲ್ಲ. ಸೊಂಟದಿಂದ ಕೆಳಗೆ ನೋಡುತ್ತಿದ್ದ.

"ಹೊಸಬರು ತಾನೆ? ಗಾಡಿ ಮೇಲೆ ಕೂತಾಗ ಎರಡೂ ಪಾದ ನೆಲಕ್ಕೆ ಪೂರ್ತಿ ಊರಬೇಕು. ಅದೊಂದು ನೋಡಿ. ಬಣ್ಣ, ಸ್ಟಿಕ್ಕರು ಆಮೇಲೆ."

ಮಗಳದು ಬೇಗ ಮುಗಿಯಿತು. ಉದ್ದ ಕಾಲಿನ ಹುಡುಗಿ, ಕ್ಲಚ್ ಇರುವ ನೂರ ಇಪ್ಪತ್ತೈದು ಸಿ.ಸಿ.ಯ ನೀಲಿ ಬೈಕಿನ ಮೇಲೆ ಕೂತು ಫೋಟೋ ತೆಗೆಸಿಕೊಂಡು, ಹುಡುಗನಿಗೆ ಕಳಿಸಿ, ಇಳಿಯುವುದನ್ನೇ ಮರೆತಳು.

ಅತ್ತೆ ಕೇಳಿದರು: "ನನಗೆ ಯಾವುದು ಅಳಿಯಂದ್ರೇ?"

"ನಿಮಗೆ ಹೆಲ್ಮೆಟ್ ಒಂದು ಸಾಕು. ಮಾತು ಸ್ವಲ್ಪ ಕಮ್ಮಿ ಕೇಳುತ್ತೆ."

"ಕೊಡಿಸಿ. ನೀವು ಬಿದ್ದಾಗ ನಾನು ನಗೋದು ಹೊರಗೆ ಕೇಳ್ಬಾರದು ನೋಡಿ."

ಹೆಂಡತಿ ಅಷ್ಟರಲ್ಲಿ ತಾನೇ ಹೋಗಿ ಗೋಡೆಯ ಪಕ್ಕದ ಒಂದು ಗಿಡ್ಡ ಕೆಂಪು ಬೈಕಿನ ಮೇಲೆ ಕೂತಿದ್ದಳು. ಎರಡೂ ಪಾದ ನೆಲದ ಮೇಲೆ ಮನೆಯಲ್ಲಿ ನಿಂತ ಹಾಗೆ ನಿಂತಿದ್ದವು. ಹ್ಯಾಂಡಲನ್ನು ಮೆಲ್ಲಗೆ ಈ ಕಡೆ ಆ ಕಡೆ ತಿರುಗಿಸಿದಳು. ಎಂದೋ ಕಳೆದುಹೋದ ಚಪ್ಪಲಿ ಸಿಕ್ಕಿ, ಕಾಲಿಗೆ ಹಾಕಿ ನೋಡುವವರ ಮುಖ ಹೇಗಿರುತ್ತದೋ ಹಾಗಿತ್ತು ಅವಳ ಮುಖ.

"ಅಮ್ಮಾವ್ರಿಗೆ ಅಳತೆ ತಗೊಂಡು ಮಾಡಿಸಿದ ಹಾಗಿದೆ" ಎಂದ ತುಕ್ಕು. "ಇದಕ್ಕೆ ಕ್ಲಚ್ ಹಿಡಿಯೋ ರಗಳೆ ಇಲ್ಲ. ಎಕ್ಸಲರೇಟರಲ್ಲಿ ಇದೊಂದು ಸ್ಕ್ರೂ ಇದೆ ನೋಡಿ. ಬಿಗಿ ಮಾಡಿದ್ರೆ ಎಷ್ಟು ತಿರುವಿದ್ರೂ ಪಕ್ಕದಲ್ಲಿ ನಡೆಯೋರು ಮುಂದೆ ಹೋಗ್ತಾರೆ. ಬೀಳು ಅಂದ್ರೂ ಬೀಳಲ್ಲ."

ಮೇಷ್ಟ್ರ ತಲೆಯಲ್ಲಿ ಏನೋ ಕಟಕ್ಕೆಂದಿತು. ಬೀಳುವುದಿಲ್ಲ. ಎರಡು ಭಾನುವಾರ ಕಳೆದರೆ ಇವಳು ಇದರ ಮೇಲೆ ಬೀಗಿತ್ತಿಯ ಹಿಂದೆ ಗುಡುಗುಡು ಹೊರಟುಹೋಗುತ್ತಾಳೆ. ಮಗಳು ಹುಡುಗನ ಹಿಂದೆ. ಹಳ್ಳದ ಬದಿಯಲ್ಲಿ ಉಳಿಯುವವರು ಅತ್ತೆ ಮತ್ತು ತಾವು. ಆಗ ಬೀಗರು ಬಂದು, ನೀವ್ಯಾಕೆ ನಿಂತಿದ್ದೀರಿ ಎಂದರೆ?

ಅದೇ ಇವಳು ಒಮ್ಮೆ ಬಿದ್ದಳೆನ್ನಿ. ದೊಡ್ಡದಾಗಿ ಅಲ್ಲ. ಮೊಣಕೈ ತರಚಬೇಕು, ಸ್ವಲ್ಪ ರಕ್ತ ಕಾಣಬೇಕು, ಇನ್ನು ಈ ಜನ್ಮದಲ್ಲಿ ಬೇಡ ಎನ್ನಬೇಕು. ಹೆದರಿದ ಹೆಂಡತಿಯ ಕೈ ಹಿಡಿದು ಪಕ್ಕದಲ್ಲಿ ಕೂರುವ ಗಂಡನನ್ನು ಬೈಕು ಹತ್ತು ಎನ್ನುವ ಕಟುಕರು ಯಾರಿದ್ದಾರೆ? ಮೇಷ್ಟ್ರೇನೂ ರಾಕ್ಷಸರಲ್ಲ. ಗಾಯ ಇಷ್ಟೇ ಆಗಬೇಕೆಂದು ಮನಸ್ಸಿನಲ್ಲೇ ಅದರ ಉದ್ದ ಅಗಲ ಕೂಡ ಗೊತ್ತುಮಾಡಿಕೊಂಡರು.

"ಇಳಿ ಇಳಿ" ಎಂದರು. "ಅದು ಮಕ್ಕಳ ಗಾಡಿ. ಬೀಗಿತ್ತಿ ಎದುರು ಇದರ ಮೇಲೆ ಕೂತ್ರೆ ಸರ್ಕಸ್ಸಿಂದ ಬಂದ ಹಾಗೆ ಕಾಣ್ತೀಯ. ನಿನಗೆ ಇದು." ತೋರಿಸಿದ್ದು ಸಾಲಿನಲ್ಲೇ ಎತ್ತರವಾಗಿದ್ದ ಹಸಿರು ಬೈಕನ್ನು.

ಇಬ್ಬರು ಹಿಡಿದು ಹತ್ತಿಸಿದರು. ಬಲಗಾಲಿನ ಬೆರಳ ತುದಿ ನೆಲಕ್ಕೆ ತಾಕಿತು. ಎಡಗಾಲು ಗಾಳಿಯಲ್ಲಿತ್ತು.

"ಕಾಲು ಎಟುಕಲ್ಲ ರೀ."

"ಎಟುಕಲ್ಲ, ಆಗಲ್ಲ, ಬರಲ್ಲ. ಮದುವೆ ಆದಾಗಿಂದ ಇದೇ ರಾಗ. ಗಾಡಿ ಓಡೋದು ಚಕ್ರದ ಮೇಲೆ, ನಿನ್ನ ಕಾಲಿನ ಮೇಲಲ್ಲ."

"ಕೆಂಪುದೇ ಇರಲಿ. ಕೆಂಪುದರಲ್ಲಿ ನನಗೆ ಭಯ ಆಗಲಿಲ್ಲ."

"ಅಮ್ಮ, ಅಪ್ಪಂಗೆ ಗೊತ್ತಿರುತ್ತೆ, ಸುಮ್ನಿರು" ಎಂದಳು ಮಗಳು, ಫೋನಿನಿಂದ ಕಣ್ಣೆತ್ತದೆ. "ಅವರಮ್ಮ ಇದಕ್ಕಿಂತ ಎತ್ತರದ್ದು ಓಡಿಸ್ತಾರೆ. ನನ್ನ ಮಾನ ತೆಗೀಬೇಡ."

ಮೇಷ್ಟ್ರು ತುಕ್ಕುವಿನ ಕಡೆ ನೋಡಿದರು. ಅವನು ಹಸಿರು ಬೈಕಿನ ಸೀಟನ್ನು ಬಟ್ಟೆಯಿಂದ ಒರೆಸತೊಡಗಿದ್ದ. "ನಾನು ಯಾವ ಮಾತನ್ನೇ ಆಗಲಿ ಒಂದು ಸಲ ಹೇಳೋದು ಸಾರ್. ಎರಡನೇ ಸಲ ಹೇಳಿದ್ರೆ ಗಿರಾಕಿ ಎದ್ದು ಹೋಗ್ತಾರೆ."

ತಮಗೆಂದು ಮೇಷ್ಟ್ರು ಆರಿಸಿದ್ದು ಮೂಲೆಯಲ್ಲಿ ಗೋಡೆಗೊರಗಿದ್ದ ಹಳೆಯ ಟು ಸ್ಟ್ರೋಕ್ ಗಾಡಿ. ಬಟನ್ ಸ್ಟಾರ್ಟ್ ಇಲ್ಲ, ಒದ್ದು ಶುರುಮಾಡಬೇಕು. ಹತ್ತು ಸಲ ಒದ್ದರೆ ಒಮ್ಮೆ ಮನಸ್ಸು ಮಾಡುವ ಜಾತಿ. ಅದರ ಟ್ಯಾಂಕನ್ನು ತಟ್ಟಿ, "ಇದು ಗಂಡಸಿನ ಗಾಡಿ" ಎಂದರು.

"ಸ್ಟಾರ್ಟ್ ಆದಾಗ" ಎಂದ ತುಕ್ಕು.

ಆಮೇಲೆ ಮನೆಯಲ್ಲಿ ಪಾಠ ನಡೆಯಿತು. ನಡುಮನೆಯಲ್ಲಿ ಎರಡು ಊಟದ ಕುರ್ಚಿಗಳನ್ನು ತಿರುಗಿಸಿ ಹಾಕಿ, ತಾಯಿ ಮಗಳಿಬ್ಬರನ್ನೂ ಕುದುರೆಯ ಮೇಲೆ ಕೂರಿಸಿದಂತೆ ಕೂರಿಸಿ, ಕೈಗೆ ನೆಲ ಒರೆಸುವ ಕೋಲು ಕೊಟ್ಟರು. ಕ್ಲಚ್ ಹಿಡಿ, ಗೇರ್ ಹಾಕು, ಮೆಲ್ಲಗೆ ಬಿಡು. ಹೆಂಡತಿ ತಡವರಿಸಿದಾಗೆಲ್ಲ ಮರದ ಸವಟು ಅವಳ ಬೆರಳ ಗೆಣ್ಣಿನ ಮೇಲೆ ಟಕ್ಕೆಂದು ಬೀಳುತ್ತಿತ್ತು. ಅತ್ತೆ ಅಡುಗೆಮನೆಯಿಂದ, "ಆ ಸವಟು ಸಾರಿಗೆ ಬೇಕು, ಮುಗಿದ ಮೇಲೆ ತೊಳೆದು ಕೊಡಿ" ಎನ್ನುತ್ತಿದ್ದರು.

ಹತ್ತುವುದು, ಕೂರುವುದು, ಹೊರಡುವುದು, ತಿರುಗುವುದು ಎಲ್ಲವನ್ನೂ ಮೇಷ್ಟ್ರು ಕಲಿಸಿದರು. ನಿಲ್ಲಿಸುವುದನ್ನು ಕಲಿಸಲಿಲ್ಲ. ಇದರಲ್ಲಿ ಅವರ ದುರುದ್ದೇಶವೇನೂ ಇರಲಿಲ್ಲ; ಆ ಯೋಚನೆಯೇ ಅವರಿಗೆ ಬರಲಿಲ್ಲ. ಇಷ್ಟು ವರ್ಷಗಳ ಕಸುಬಿನಲ್ಲಿ ಯಾರಿಗೂ ಬ್ರೇಕ್ ಹಾಕುವುದನ್ನು ಅವರು ಕಲಿಸಿದವರಲ್ಲ. ಅದು ಅವರ ಕಾಲಿನ ಕೆಲಸವಾಗಿತ್ತು.

ಅಭ್ಯಾಸಕ್ಕೆಂದು ಊರ ಹೊರಗಿನ ಗೋದಾಮುಗಳ ಹಿಂದಿನ ಖಾಲಿ ಬಯಲಿಗೆ ಮೂರೂ ಬೈಕುಗಳನ್ನು ಬಾಡಿಗೆ ವ್ಯಾನಿನಲ್ಲಿ ಹಾಕಿಕೊಂಡು ಹೋದರು. ಮೇಷ್ಟ್ರು ತಮ್ಮ ಗಾಡಿಯ ಟ್ಯಾಂಕಿನ ಕೆಳಗೆ ಪೆಟ್ರೋಲ್ ಬಿಡುವ ಕಾಕನ್ನು ಹಿಂದಿನ ದಿನವೇ ಮುಚ್ಚಿ, ಇಂಜಿನ್ನಿನಲ್ಲಿ ಉಳಿದ ಹನಿಯೂ ತೀರುವ ತನಕ ಅದನ್ನು ನಿಂತಲ್ಲೇ ಓಡಿಸಿ ಇಟ್ಟಿದ್ದರು. ಈಗ ಎಲ್ಲರೂ ನೋಡುತ್ತಿರುವಂತೆ ಒದ್ದರು. ಒದ್ದರು. ಒದ್ದರು. ಬೆವರು ಗಲ್ಲದಿಂದ ತೊಟ್ಟಿಕ್ಕಿತು. "ಕಾರ್ಬ್ಯುರೇಟರ್ ಹೋಗಿದೆ. ಆ ತುಕ್ಕು ಮೋಸ ಮಾಡಿದ" ಎಂದರು.

ಹೆಂಡತಿ ಹತ್ತಿರ ಬಂದು ಬಗ್ಗಿದಳು. ಟ್ಯಾಂಕಿನ ಕೆಳಗೆ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಮೇಷ್ಟ್ರ ಮುಖ ನೋಡಿದಳು. ಇವಳಿಗೆ ಏನು ಗೊತ್ತು ಕಾಕು ಗೀಕು ಎಂದು ಮೇಷ್ಟ್ರು ಸಮಾಧಾನ ಮಾಡಿಕೊಂಡರು.

"ಗಾಡಿನೇ ಸರಿಯಿಲ್ಲ ಬಿಡಿ" ಎಂದು ಆಕೆ ಎಲ್ಲರಿಗೂ ಕೇಳುವ ಹಾಗೆ ಹೇಳಿ, ಟವೆಲು ಕೊಟ್ಟಳು. "ಬೆವರು ಒರೆಸ್ಕೊಳ್ಳಿ."

ಮೇಷ್ಟ್ರು ಬೆವರು ಒರೆಸಿಕೊಂಡು, ಆಕೆಯನ್ನು ಹಸಿರು ಬೈಕಿನ ಮೇಲೆ ಹತ್ತಿಸಿದರು.

ಅವರು ಎಣಿಸಿದ ಹಾಗೆ ಆಗಲಿಲ್ಲ. ಬೈಕು ಒಮ್ಮೆ ಕುಪ್ಪಳಿಸಿತು, ಆಮೇಲೆ ನೇರವಾಗಿ ಹೊರಟಿತು. ಆಕೆಯ ಬೆನ್ನು ನೆಟ್ಟಗಿತ್ತು. ಬಯಲಿನ ತುದಿಯಲ್ಲಿ ದೊಡ್ಡದಾಗಿ ಸುತ್ತು ಹಾಕಿ, ಅಲುಗಾಡದೆ ತಿರುಗಿ ಬಂದಳು.

"ನೋಡಿ" ಎಂದರು ಅತ್ತೆ. "ಮದುವೆಗೆ ಮುಂಚೆ ಸೈಕಲಲ್ಲಿ ಎರಡೂರು ಸುತ್ತಿ ಬರ್ತಿದ್ದೋಳು. ನಿಮ್ಮನೆಗೆ ಬಂದ ಮೇಲೆ ಅದ್ಯಾವ ಗಾಳಿ ತಾಕಿ ಪುಕ್ಕಲಿ ಆದಳೋ."

ಆ ಮಾತು ಮೇಷ್ಟ್ರ ಕಿವಿಯೊಳಗೆ ಇಳಿಯಲಿಲ್ಲ. ಎರಡನೇ ಸುತ್ತಿಗೂ ಬೀಳುತ್ತಿಲ್ಲವಲ್ಲ ಎಂಬುದೊಂದೇ ಅವರ ತಲೆಯಲ್ಲಿತ್ತು. ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದರು: "ಇಷ್ಟೇನಾ? ಇದಕ್ಕಿಂತ ಜೋರಾಗಿ ಬೀಗರ ನಾಯಿ ಓಡುತ್ತೆ. ತಿರುವು, ಇನ್ನೂ ತಿರುವು."

ಆಕೆ ತಿರುವಿದಳು. ಬೈಕು ಮುಂದಿನ ಚಕ್ರವನ್ನು ಒಮ್ಮೆ ನೆಲದಿಂದ ಎತ್ತಿ ಇಳಿಸಿ, ಬಯಲಿನ ಮೂಲೆಯಲ್ಲಿ ಸುರಿದಿದ್ದ ಇಟ್ಟಿಗೆ ಚೂರಿನ ರಾಶಿಯ ಕಡೆಗೆ ಹೊರಟಿತು.

"ರೀ, ಇದನ್ನ ನಿಲ್ಲಿಸೋದು ಹೇಗೆ?" ಎಂದು ಕೂಗಿದ್ದು ಎಲ್ಲರಿಗೂ ಸ್ಪಷ್ಟವಾಗಿ ಕೇಳಿತು.

ಮೇಷ್ಟ್ರು ಬ್ರೇಕ್ ಒತ್ತಿದರು. ಬಲಗಾಲು ಮುಂದಿಟ್ಟು, ಹಲ್ಲು ಕಚ್ಚಿ, ಜೀವವನ್ನೆಲ್ಲ ಪಾದಕ್ಕೆ ತಂದು ಒತ್ತಿದರು. ಹಿಮ್ಮಡಿ ಮಣ್ಣಿನಲ್ಲಿ ಹೂತುಹೋಯಿತು. ಯಾವ ಕಾರೇ ಆಗಿದ್ದರೂ ನಿಲ್ಲುವಷ್ಟು ಚೆನ್ನಾಗಿತ್ತು ಆ ಒತ್ತು.

ಅತ್ತ ಆಕೆ ನಿಲ್ಲಲೆಂದು ಎಡಗಾಲು ಚಾಚಿದಳು. ಕಾಲು ಹುಡುಕಿದ ಜಾಗದಲ್ಲಿ ನೆಲ ಇರಲಿಲ್ಲ. ಬೈಕು ಪೂರ್ತಿಯಾಗಿ ವಾಲಿ, ಆ ಕಾಲಿನ ಮೇಲೆ ಮಲಗಿತು. ಒಣ ಕೊಂಬೆ ಮುರಿದಂಥ ಸದ್ದು ಬಂದಾಗ ಇಂಜಿನ್ ಇನ್ನೂ ಕಿರುಚುತ್ತಿತ್ತು, ಆದರೂ ಕೇಳಿಸಿತು.

ವ್ಯಾನಿನಲ್ಲಿ ಮಲಗಿಸಿಕೊಂಡು ಹೋಗುವಾಗ ಮಗಳು ಅಳುತ್ತಾ ಹೇಳಿದಳು: "ಈಗಲೇ ಬೀಳ್ಬೇಕಿತ್ತಾ ಅಮ್ಮ ನೀನು? ಅವರ ಮನೆಯವರಿಗೆ ನಾನೇನಂತ ಹೇಳ್ಲಿ?"

ಅತ್ತೆ ತಮ್ಮ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಅಳಿಯನ ಮಣ್ಣು ಮೆತ್ತಿದ ಹಿಮ್ಮಡಿಯನ್ನೇ ನೋಡುತ್ತಿದ್ದರು. "ನನ್ನ ಮಗಳು ಬೀಳ್ತಿದ್ರೆ ನೀವು ನಿಂತಲ್ಲೇ ನೆಲ ತುಳೀತಿದ್ರಲ್ಲ ಅಳಿಯಂದ್ರೇ. ಅದ್ಯಾವ ಕಸರತ್ತು?"

ಮೇಷ್ಟ್ರು ಕಾಲನ್ನು ಸೀಟಿನ ಕೆಳಗೆ ಸರಿಸಿಕೊಂಡರು. ಮೊಣಕಾಲ ಕೆಳಗಿನ ಮೂಳೆ ಎರಡು ತುಂಡಾಗಿದೆ ಎಂದು ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇ ಚಿತ್ರ ತೋರಿಸಿದಾಗ ಅವರು ಮುಖ ತಿರುಗಿಸಿಕೊಂಡರು. ತಾವು ಗೊತ್ತುಮಾಡಿದ್ದು ಇಷ್ಟಲ್ಲ. ತರಚು ಗಾಯ ಎಲ್ಲಿ, ಇದೆಲ್ಲಿ? ಯಾರೋ ತಮ್ಮ ಮಾತು ಕೇಳದೆ ಕೆಲಸ ಕೆಡಿಸಿದ ಹಾಗೆ ಒಂದು ಅಸಮಾಧಾನ. ಆದರೆ ಪ್ಲಾಸ್ಟರು ಒಣಗುತ್ತಾ ಬಂದಂತೆ ಅವರ ಮನಸ್ಸೂ ಗಟ್ಟಿಯಾಯಿತು. ಕಾರಿಡಾರಿಗೆ ಬಂದು ಬೀಗರಿಗೆ ಫೋನ್ ಮಾಡಿದರು.

"ನಾನು ಬಡ್ಕೊಂಡೆ ಬೀಗರೇ. ಚಿಕ್ಕದು ತಗೋ, ಕಾಲು ಎಟುಕೋದು ತಗೋ ಅಂತ. ಅಂಗಡೀಲೇ ಎಲ್ಲರೆದುರು ಹಟ. ಎತ್ತರದ್ದೇ ಬೇಕಂತೆ, ಹಸಿರೇ ಬೇಕಂತೆ. ಬಣ್ಣ ನೋಡಿ ಗಾಡಿ ತಗೊಳ್ಳೋ ಬುದ್ಧಿ, ಏನು ಮಾಡೋದು. ಈಗ ಅನುಭವಿಸ್ತಿದ್ದಾಳೆ. ಹೂಂ, ನಾನೇ ನೋಡ್ಕೋಬೇಕು. ಇನ್ಯಾರಿದ್ದಾರೆ?"

ತಿರುಗಿದರೆ ವಾರ್ಡಿನ ಬಾಗಿಲು ಅರ್ಧ ತೆರೆದಿತ್ತು. ಹೆಂಡತಿ ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟುಕೊಂಡು ಚಾವಣಿ ನೋಡುತ್ತಿದ್ದಳು.

"ಏನಂದ್ರು ಬೀಗರು?"

"ಪಾಪ, ಬೇಜಾರು ಮಾಡ್ಕೊಂಡ್ರು. ಭಾನುವಾರ ಹಳ್ಳದ ಹತ್ರ ಸೇರೋ ಭೇಟಿ ಮುಂದಕ್ಕೆ ಹಾಕೋಣ ಅಂದೆ."

"ಯಾಕೆ ಮುಂದಕ್ಕೆ? ಸ್ವಲ್ಪ ಕೂರೋ ಹಾಗಾದ್ರೆ ಸಾಕು, ಹೋಗೋಣ. ನಾನು ಪಕ್ಕದಲ್ಲಿ ಕೂತು ನೋಡ್ತೀನಿ."

ಮೇಷ್ಟ್ರಿಗೆ ಆ ಕ್ಷಣ ಹೆಂಡತಿಯ ಮೇಲೆ ಉಕ್ಕಿ ಬಂದ ಪ್ರೀತಿ ಮದುವೆಯ ದಿನ ಕೂಡ ಬಂದಿರಲಿಲ್ಲ.

ಭೇಟಿಯ ದಿನ ಮಣ್ಣಿನ ಹಳ್ಳದ ಮೇಲ್ಗಡೆ, ಮರದ ನೆರಳಲ್ಲಿ ಒಂದು ಬೆತ್ತದ ಕುರ್ಚಿ ಹಾಕಿ ಆಕೆಯನ್ನು ಕೂರಿಸಿದರು. ಪ್ಲಾಸ್ಟರಿನ ಕಾಲನ್ನು ಬೋರಲು ಹಾಕಿದ ಬಕೆಟ್ಟಿನ ಮೇಲೆ ದಿಂಬು ಹಾಕಿ ಇಟ್ಟರು. ಮೇಷ್ಟ್ರು ಪಕ್ಕದಲ್ಲಿ ಒಂದು ಸ್ಟೂಲು ಹಾಕಿಕೊಂಡು, ಫ್ಲಾಸ್ಕು, ಮಾತ್ರೆ, ನೊಣ ಓಡಿಸಲು ಮಡಚಿದ ಪೇಪರು ಹಿಡಿದು ಸಜ್ಜಾಗಿ ಕೂತರು. ಕೆಳಗಡೆ ಬೀಗರು ಒಂದು ದಿಬ್ಬದ ಮೇಲಿಂದ ಪೀಪಾಯಿಯಂತೆ ಹಾರುತ್ತಿದ್ದರು. ಮಗಳು ಹುಡುಗನ ಹಿಂದೆ ಸುತ್ತು ಹಾಕುತ್ತಿದ್ದಳು.

ಬೀಗಿತ್ತಿ ನೀರು ಕುಡಿಯಲು ಬಂದವರು ಹೆಲ್ಮೆಟ್ ತೆಗೆದು ಈ ದೃಶ್ಯವನ್ನು ನೋಡಿ ಮೆಚ್ಚಿಕೊಂಡರು. "ಗಂಡ ಅಂದ್ರೆ ಹೀಗಿರ್ಬೇಕು. ನನ್ನ ಕೈ ಮುರಿದಾಗ ನಮ್ಮೋರು ಓಡಿ ಬಂದು ಮೊದಲು ಬೈಕ್ ಎತ್ತಿದ್ರು."

ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಮೇಷ್ಟ್ರ ಬದುಕು ಹಾಗೆಯೇ ಸಾಗಿಹೋಗುತ್ತಿತ್ತು. ಹೊಗಳಿಕೆ ಹೊಟ್ಟೆಗೆ ಬಿದ್ದ ಮೇಲೆ ಅವರ ಬಾಯಿ ಸುಮ್ಮನಿರುವ ಪೈಕಿ ಅಲ್ಲ. "ನಿಮ್ಮ ಮಗ ಆ ತಿರುವಲ್ಲಿ ಗೇರ್ ಇಳಿಸ್ಬೇಕಿತ್ತು" ಎಂದರು. "ಬೀಗರು ಹಾರೋ ಮುಂಚೆ ಸೀಟಿಂದ ಏಳೋದು ತಡ" ಎಂದರು. ಬೀಗರು ಮೇಲೆ ಬಂದು ಧೂಳು ಕೊಡವುತ್ತಿರುವಾಗ, "ನಾನಾಗಿದ್ರೆ ಆ ದಿಬ್ಬಾನ ಬೇರೆ ಥರ ತಗೋತಿದ್ದೆ" ಎಂದರು.

"ಹೌದಾ? ಹಾಗಾದ್ರೆ ಒಂದು ಸುತ್ತು ತೋರಿಸಿ ಬೀಗರೇ. ನಾವೂ ಕಲೀತೀವಿ."

ಮೇಷ್ಟ್ರು ಹೆಂಡತಿಯ ಹೆಗಲ ಮೇಲೆ ಕೈಯಿಟ್ಟರು. ಈ ಗಳಿಗೆಗೆಂದೇ ಎಷ್ಟೊಂದು ಕಷ್ಟಪಟ್ಟಿದ್ದರು. "ತೋರಿಸಬಹುದಿತ್ತು. ಇವಳನ್ನ ಈ ಸ್ಥಿತೀಲಿ ಬಿಟ್ಟು ಹೇಗೆ ಬರ್ಲಿ ಹೇಳಿ."

"ನನಗೇನಾಗಿದೆ?" ಎಂದಳು ಹೆಂಡತಿ. "ಅಮ್ಮ ಇದ್ದಾರಲ್ಲ. ಹೋಗಿ ಬನ್ನಿ."

"ಇಲ್ಲ ಇಲ್ಲ, ನಿನ್ನ ಮಾತ್ರೆ—"

"ಅಣ್ಣ" ಎಂದು ಆಕೆ ಬೀಗರ ಕಡೆ ತಿರುಗಿದಳು. "ಇವರು ನನ್ನಿಂದಾಗಿ ಆಯುಷ್ಯವೆಲ್ಲ ಬೈಕ್ ಬಿಟ್ಟೋರು. ಇವತ್ತಾದ್ರೂ ಆಸೆ ತೀರಿಸ್ಕೊಳ್ಳಲಿ. ನಿಮ್ಮದೇ ದೊಡ್ಡದು ಕೊಡಿ. ಚಿಕ್ಕದರಲ್ಲಿ ಇವರ ಕೈ ಓಡಲ್ಲ."

"ಅದಕ್ಕೇನಂತೆ ತಂಗಿ" ಎಂದು ಬೀಗರು ಖುಷಿಯಿಂದ ಮಗನನ್ನು ಕೂಗುತ್ತಾ ಇಳಿದುಹೋದರು. ಬೀಗಿತ್ತಿ ತಮ್ಮ ಹೆಲ್ಮೆಟ್ಟನ್ನೇ ಕೊಡುತ್ತೇನೆಂದು ಒರೆಸಿ ತರಲು ಹೋದರು.

ಮೇಷ್ಟ್ರು ದಿಂಬು ಸರಿಮಾಡುವವರಂತೆ ಬಗ್ಗಿದರು. "ಏ, ಏನು ಮಾತಾಡ್ತಿದ್ದೀಯ ನೀನು? ನನಗೆ—"

"ಬರಲ್ಲ. ಗೊತ್ತು."

ಮೇಷ್ಟ್ರ ಕೈ ದಿಂಬಿನ ಮೇಲೇ ನಿಂತಿತು.

"ನಿಮ್ಮಮ್ಮ ಹೇಳಿದ್ರು, ನಾನು ಮದುವೆಯಾಗಿ ಬಂದ ಹೊಸತರಲ್ಲೇ. ಯಾರಿಗೂ ಗೊತ್ತಾಗೋದು ಬೇಡ ತಾಯಿ, ಅವನು ಅವಮಾನ ತಡಕೊಳ್ಳೋ ಹುಡುಗ ಅಲ್ಲ ಅಂದ್ರು. ಅದಕ್ಕೇ ನನ್ನ ಸೈಕಲ್ಲನ್ನ ವಾಪಸ್ ತವರಿಗೆ ಕಳಿಸ್ದೆ. ನಾನೇ ಪುಕ್ಕಲಿ ಅಂತ ಊರಿಗೆಲ್ಲ ಹೇಳ್ಕೊಂಡು ಬಂದೆ. ನೀವೂ ನಗ್ತಿದ್ರಿ. ನಗಲಿ ಅಂತ ಇದ್ದೆ."

ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಹಲ್ಲು ಕೀಳಿಸಿಕೊಳ್ಳಲು ಬಂದವರಿಗೆ ಒಳಗೆ ಹೋಗಿ ಎನ್ನುವಾಗ ಇರುವಂಥ ಮೃದು ದನಿ. ಪಕ್ಕದಲ್ಲಿದ್ದ ಅತ್ತೆ ಅಳಿಯನ ಸ್ಟೂಲಿನ ಮೇಲಿಂದ ಮಡಚಿದ ಪೇಪರನ್ನು ಎತ್ತಿಕೊಂಡು, ತಾವೇ ಮಗಳ ಕಾಲಿನ ಮೇಲಿನ ನೊಣ ಓಡಿಸತೊಡಗಿದರು.

"ಇಷ್ಟು ದಿನ ಗುಟ್ಟು ಕಾಪಾಡಿದೋಳು, ಇವತ್ತೊಂದು ದಿನ..." ಎಂದರು ಮೇಷ್ಟ್ರು.

"ಕಾಲು ತುಂಬ ನೋಯ್ತಿದೆ ರೀ. ಇನ್ನು ಅದನ್ನೂ ಹೊತ್ಕೊಂಡು ಕೂರೋಕೆ ನನ್ನ ಕೈಲಾಗಲ್ಲ. ಹೋಗಿ, ಕಾಯ್ತಿದ್ದಾರೆ."

ಕಾಯುತ್ತಿದ್ದರು. ಎಲ್ಲರೂ. ಅಳಿಯನಾಗುವ ಹುಡುಗ ಭಕ್ತಿಯಿಂದ ಮೇಷ್ಟ್ರ ಎದೆಗೆ ಕವಚ ಕಟ್ಟಿದ, ಮೊಣಕಾಲಿಗೆ ಪಟ್ಟಿ ಬಿಗಿದ, ಗಲ್ಲದ ಕೆಳಗೆ ಹೆಲ್ಮೆಟ್ಟಿನ ಕೊಂಡಿ ಹಾಕಿದ. ಕೊಂಡಿ ಹಾಕುವಾಗ ಮಾವನವರ ಗಂಟಲು ಮೇಲೆ ಕೆಳಗೆ ಆಡುವುದು ಅವನ ಬೆರಳಿಗೆ ತಾಕಿತು; ಉತ್ಸಾಹವೆಂದುಕೊಂಡ. ಮಗಳು ಫೋನು ಮೇಲೆತ್ತಿ ಹಿಡಿದು, "ಅಪ್ಪ, ಈ ಕಡೆ ನೋಡು" ಎಂದಳು. ಬೀಗರು ತಮ್ಮ ದೊಡ್ಡ ಬೈಕನ್ನು ಇಳಿಜಾರಿನ ತುದಿಗೆ ತಂದು, ಗುಂಡಿ ಒತ್ತಿ ಶುರುಮಾಡಿ, ಮೇಷ್ಟ್ರನ್ನು ತಾವೇ ಕೈಹಿಡಿದು ಹತ್ತಿಸಿದರು. ಮೇಷ್ಟ್ರ ಎರಡೂ ಪಾದ ನೆಲವನ್ನು ಹುಡುಕಿದವು. ಮುಂದಿನ ಚಕ್ರದಾಚೆ ಮಣ್ಣು ಕಡಿದಾಗಿ ಇಳಿದುಹೋಗಿತ್ತು.

"ಹಿಡ್ಕೊಂಡಿದ್ದೀನಿ ಬೀಗರೇ. ಹೂಂ ಅನ್ನಿ, ಬಿಡ್ತೀನಿ."

ಮೇಷ್ಟ್ರು ಕುತ್ತಿಗೆ ತಿರುಗಿಸಿ ಮರದ ನೆರಳಿನ ಕಡೆ ನೋಡಿದರು. ಹೆಲ್ಮೆಟ್ಟಿನ ಕಿಂಡಿಯಲ್ಲಿ ಕಣ್ಣುಗಳು ಮಾತ್ರ ಕಾಣುತ್ತಿದ್ದವು.

ಹೆಂಡತಿ ಪ್ಲಾಸ್ಟರಿನ ಕಾಲನ್ನು ಎರಡೂ ಕೈಯಿಂದ ಎತ್ತಿ ಹಿಡಿದುಕೊಂಡಳು. "ಅಮ್ಮ, ಈ ಕುರ್ಚೀನ ಸ್ವಲ್ಪ ಆ ಕಡೆ ತಿರುಗಿಸು" ಎಂದಳು. "ಇಳಿಜಾರಿನ ಕೆಳಗಡೆ ಇಲ್ಲಿಂದ ಸರಿಯಾಗಿ ಕಾಣ್ತಿಲ್ಲ."